ಕಾಲು ನೋಡುವ ಮಕ್ಕಳು

ಕೇತಕಿ ಮೇಡಮ್ಮಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯ ಅಜ್ಜಿಗೆ ಬರುತ್ತಿತ್ತು, ಅಪ್ಪನಿಗೆ ಬೈಯುವಷ್ಟು ಬರುತ್ತಿತ್ತು, ಆಕೆಯ ಪಾಲಿಗೆ ಏನೂ ಉಳಿದಿರಲಿಲ್ಲ. ಸೊಲ್ಲಾಪುರದಲ್ಲಿ ನಾಲ್ಕು ತಲೆಮಾರಿನಿಂದ ಕಾರಕೂನಿಕೆ, ಮಾಸ್ತರಿಕೆ ಮಾಡಿಕೊಂಡು ಬಂದ ಮನೆತನ. ಮನೆಮಾತು ಮರಾಠಿಗೆ ತಿರುಗಿ ಎಷ್ಟೋ ಕಾಲವಾಗಿತ್ತು. ಇತ್ತ ಅಕ್ಕಲಕೋಟದ ಬಳಿಯ ವಾಗದರಿ ಕಡೆಯ ಕುರುಬರ ಮಕ್ಕಳಿಗೆ ಮರಾಠಿ ಬರುತ್ತಿರಲಿಲ್ಲ. ಹೀಗೆ ಎರಡೂ ಕಡೆ ಒಂದೊಂದು ಇಲ್ಲದ್ದರಿಂದ ನಡುವೆ ಶುಭಾಂಗಿಗೆ ಕೆಲಸ ಸಿಕ್ಕಿತು.

ಶುಭಾಂಗಿ ವಾಗದರಿಯಿಂದ ಮೂರು ಕಿಲೋಮೀಟರ್ ಆಚೆ, ಹಳ್ಳ ದಾಟಿದ ಮೇಲೆ ಬರುವ ಕುರುಬರ ವಸ್ತಿಯವಳು. ಬೀರಣ್ಣನ ಮೊಮ್ಮಗಳು. ಅಕ್ಕಲಕೋಟದ ಹಾಸ್ಟೆಲಿನಲ್ಲಿದ್ದು ಹತ್ತನೆಯವರೆಗೆ, ಸೊಲ್ಲಾಪುರದ ಹಾಸ್ಟೆಲಿನಲ್ಲಿದ್ದು ಬಿ.ಎ.ವರೆಗೆ ಓದಿದ್ದಳು. ಆಡುವುದು ಕನ್ನಡ, ಓದಿದ್ದು ಮರಾಠಿ. ವಸ್ತಿಯಲ್ಲಿ ಅವಳಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ಅದಕ್ಕೆ ಅವಳ ಬುದ್ಧಿಯೊಂದೇ ಕಾರಣವಲ್ಲ. ಐದನೆಯ ವಯಸ್ಸಿನಲ್ಲಿ ಕಾಮಾಲೆಯಾಗಿ ಮಲಗಿದ್ದಳು. ಆ ವರ್ಷ ಮಂದೆಯ ಜೊತೆ ಹೋಗಲಾಗದೆ ಅಜ್ಜಿಯೊಡನೆ ಉಳಿದಳು; ಉಳಿದವಳನ್ನು ಶಾಲೆಗೆ ಹಾಕಿದರು. ಜೊತೆಯ ಹುಡುಗಿಯರೆಲ್ಲ ಆರೋಗ್ಯವಾಗಿದ್ದರು, ಹಾಗಾಗಿ ಕುರಿಯ ಹಿಂದೆ ಹೋದರು.

ಕೇತಕಿ ಸೊಲ್ಲಾಪುರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಳು. ಮೂರರಿಂದ ಐದು ವರ್ಷದ ಮಕ್ಕಳು ‘ಇದರಿಂದ ಅದು ಆಯಿತು’ ಎಂಬುದನ್ನು ಹೇಗೆ ಕಲಿಯುತ್ತಾರೆ ಎನ್ನುವುದು ಆಕೆಯ ಅಧ್ಯಯನ. ಬೆಂಕಿ ಮುಟ್ಟಿದರೆ ಸುಡುತ್ತದೆ, ಅದು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಹಿಂದೆಂದೂ ಕಾಣದ ವಸ್ತುವೊಂದನ್ನು ಎದುರಿಗಿಟ್ಟರೆ, ಅದನ್ನು ಯಾವುದು ನಡೆಸುತ್ತದೆಂದು ಮಗು ಹೇಗೆ ಹುಡುಕುತ್ತದೆ? ಅದಕ್ಕೆಂದು ರೊಟ್ಟಿ ಡಬ್ಬಿಯಷ್ಟು ದೊಡ್ಡದಾದ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಮಾಡಿಸಿದ್ದಳು. ಜೊತೆಗೆ ನಾಲ್ಕು ಕಟ್ಟಿಗೆಯ ತುಂಡುಗಳು: ಕೆಂಪು, ನೀಲಿ, ಹಳದಿ, ಹಸಿರು. ಕೆಂಪು ಅಥವಾ ಹಸಿರು ತುಂಡನ್ನು ಪೆಟ್ಟಿಗೆಯ ಮೇಲಿಟ್ಟರೆ ಒಳಗೆ ದೀಪ ಹತ್ತಿ ಪೀಪೀ ಎಂದು ಸದ್ದಾಗಬೇಕು. ಉಳಿದೆರಡು ಇಟ್ಟರೆ ಸುಮ್ಮನಿರಬೇಕು. ನಾಲ್ಕಾರು ಸಲ ತೋರಿಸಿದ ಮೇಲೆ, ದೀಪ ಹಚ್ಚುವ ತುಂಡು ಯಾವುದೆಂದು ಮಗು ಬೊಟ್ಟು ಮಾಡಬೇಕು.

ಅಸಲಿಗೆ ಕಟ್ಟಿಗೆಯಲ್ಲಿ ಏನೂ ಇರಲಿಲ್ಲ. ಪೆಟ್ಟಿಗೆಯ ತಳದಿಂದ ತೆಳ್ಳನೆಯ ವೈರೊಂದು ಹೊರಟು, ಪರೀಕ್ಷೆ ಮಾಡುವವರ ಕಾಲಡಿಯ ಚಪ್ಪಟೆ ಸ್ವಿಚ್ಚಿಗೆ ಸೇರುತ್ತಿತ್ತು. ತುಂಡು ಇಟ್ಟ ಕ್ಷಣಕ್ಕೆ ಸರಿಯಾಗಿ ಹೆಬ್ಬೆರಳಿನಿಂದ ಒತ್ತಿದರೆ ದೀಪ. ಒತ್ತದಿದ್ದರೆ ಇಲ್ಲ.

ಇದು ಬರೀ ಅಧ್ಯಯನಕ್ಕಾಗಿ ನಡೆದ ಆಟವಾಗಿದ್ದರೆ ಶುಭಾಂಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ವರ್ಷ ಪುಣೆಯ ಟ್ರಸ್ಟೊಂದು ವಸ್ತಿಯಲ್ಲಿ ತಗಡಿನ ಶೆಡ್ಡು ಹಾಕಿ ಬಾಲವಾಡಿ ತೆರೆದಿತ್ತು. ಶುಭಾಂಗಿಯ ಅಣ್ಣ ಧನರಾಜನ ಹೆಂಡತಿ ನೀಲಗಂಗಾ ಅಲ್ಲಿ ಕಲಿಸುತ್ತಿದ್ದಳು. ಒಂಬತ್ತರಿಂದ ನಾಲ್ಕರವರೆಗೆ ಮಕ್ಕಳು, ನಡುವೆ ಖಿಚಡಿ, ಒಂದಿಷ್ಟು ಹಾಡು, ಒಂದಿಷ್ಟು ಎಣಿಕೆ. ದೊಡ್ಡದೇನಲ್ಲ. ಆದರೆ ಆ ವರ್ಷ ದೀಪಾವಳಿಯ ನಂತರ ಮಂದೆಗಳು ಭೀಮೆಯ ದಂಡೆ ಹಿಡಿದು ಹೊರಟಾಗ ಗಂಡಸರು ಮಾತ್ರ ಹೋದರು. ತಾಯಂದಿರು ಮಕ್ಕಳನ್ನು ಇಟ್ಟುಕೊಂಡು ವಸ್ತಿಯಲ್ಲೇ ಉಳಿದರು. ಜೂನಿನಲ್ಲಿ ಆರು ತುಂಬಿದ ಏಳು ಮಕ್ಕಳು ವಾಗದರಿಯ ಶಾಲೆಯಲ್ಲಿ ಮೊದಲನೆಯ ಇಯತ್ತೆಗೆ ಕೂತರು. ಕಾಮಾಲೆಯ ಸಹಾಯವಿಲ್ಲದೆ ವಸ್ತಿಯ ಮಕ್ಕಳು ಶಾಲೆ ಸೇರಿದ್ದು ಅದೇ ಮೊದಲು.

ಟ್ರಸ್ಟಿನವರು ಪುಣ್ಯಕ್ಕೆಂದು ಮಾಡುವ ಪೈಕಿ ಅಲ್ಲ. ಮಾಡಿದ್ದರಿಂದ ಉಪಯೋಗವಾಗಿದೆ ಎಂಬುದು ಅವರಿಗೆ ಕಾಗದದ ಮೇಲೆ ಬೇಕು. ಕೇತಕಿಯ ಸಂಸ್ಥೆಗೆ ಆ ಕೆಲಸ ಬಂತು. ನಗರದ ನಲವತ್ತು ಮಕ್ಕಳು, ವಸ್ತಿಯ ನಲವತ್ತು ಮಕ್ಕಳು. ಒಂದು ಕಡಿಮೆಯಾದರೂ ನಡೆಯುವುದಿಲ್ಲ. ವಸ್ತಿಯ ಮಕ್ಕಳು ನಗರದ ಮಕ್ಕಳ ಸಮೀಪಕ್ಕೆ ಬಂದರೆ ಬಾಲವಾಡಿ ಇನ್ನು ಐದು ವರ್ಷ; ಬಾರದಿದ್ದರೆ ಶೆಡ್ಡು ಬಿಚ್ಚುವುದು. ಶುಭಾಂಗಿ ತನ್ನ ವಸ್ತಿ, ಆಚೀಚೆಯ ಎರಡು ವಸ್ತಿಗಳನ್ನು ತಿರುಗಿ ಬಾಲವಾಡಿಗೆ ಬರುವ ಆ ವಯಸ್ಸಿನ ಮಕ್ಕಳನ್ನು ಎಣಿಸಿದಳು. ನಲವತ್ತೊಂದು. ಬೇಕಾದದ್ದಕ್ಕಿಂತ ಒಂದು ಹೆಚ್ಚು.

ಸೊಲ್ಲಾಪುರದಲ್ಲಿ ಮಕ್ಕಳನ್ನು ಮೇಜಿನ ಎದುರು ಕುರ್ಚಿಯಲ್ಲಿ ಕೂಡಿಸಿದ್ದರು. ಮೇಜಿಗೆ ನೆಲ ಮುಟ್ಟುವ ಬಟ್ಟೆ, ಸ್ವಿಚ್ಚು ಅದರ ಮರೆಗೆ. ವಸ್ತಿಯ ಶೆಡ್ಡಿನಲ್ಲಿ ಮೇಜು ಇರಲಿಲ್ಲ. ಅಕ್ಕಲಕೋಟದಿಂದ ತರಿಸೋಣವೇ ಎಂದು ಕೇತಕಿ ಕೇಳಿದಳು. ಬೇಡವೆಂದವಳು ಶುಭಾಂಗಿ. ಈ ಮಕ್ಕಳು ಕುರ್ಚಿ ಕಂಡವಲ್ಲ, ಏರಿಸಿ ಕೂಡಿಸಿದರೆ ಅಳುತ್ತವೆ. ಕಂಬಳಿ ಹಾಸಿ ಕೂಡಿಸೋಣ, ಸ್ವಿಚ್ಚು ಕಂಬಳಿಯ ಕೆಳಗಿರಲಿ ಎಂದಳು. ಕೇತಕಿಗೆ ಅದು ಒಳ್ಳೆಯ ವಿಚಾರವೆನಿಸಿತು. ಮಕ್ಕಳಿಗೆ ರೂಢಿಯಿರುವ ಹಾಗೆ ಪರೀಕ್ಷೆ ಮಾಡಬೇಕೆಂದು ಆಕೆಯ ಪುಸ್ತಕಗಳಲ್ಲೂ ಬರೆದಿತ್ತು.

ಶುಭಾಂಗಿ ಸಂಸ್ಥೆಯ ಕೋಣೆಯಲ್ಲಿ ಮೂರು ದಿನ ರೂಢಿ ಮಾಡಿದಳು. ಒಂದು ಮೊಣಕಾಲು ಮಡಿಚಿ, ಇನ್ನೊಂದು ಕಾಲನ್ನು ಮುಂದಕ್ಕೆ ಬಿಟ್ಟು, ಅದರ ಮೇಲೆ ಓಢಣಿ ಹರವಿ ಕೂರುವುದು. ಕೈ ತುಂಡನ್ನು ಇಡುತ್ತದೆ, ಮುಖ ನಗುತ್ತದೆ, ಹೆಬ್ಬೆರಳು ಒತ್ತುತ್ತದೆ. ಕೇತಕಿ ಎದುರಿಗೆ ಕೂತು ಮೈಯೆಲ್ಲ ಕಣ್ಣಾಗಿ ನೋಡಿದಳು. ಏನೂ ಕಾಣಲಿಲ್ಲ. ನಿಯಮ ಒಂದೇ ಎಂದು ಹೇಳಿಕೊಟ್ಟಳು: ಮಗುವಿಗೆ ಸ್ವಿಚ್ಚು ತಿಳಿದರೆ ಆ ಮಗುವನ್ನು ಲೆಕ್ಕದಿಂದ ಬಿಡಬೇಕು, ತನಗೆ ಆಗಲೇ ಹೇಳಬೇಕು.

ಜುಲೈ ಕೊನೆಯ ವಾರದಲ್ಲಿ ಪರೀಕ್ಷೆ ಶುರುವಾಯಿತು. ನೀಲಗಂಗಾ ಪೆಟ್ಟಿಗೆಗೆ ಬೀರೋಬನ ಭಂಡಾರ ಹಚ್ಚಿದಳು, ಕೇತಕಿ ಬೇಡವೆನ್ನಲಿಲ್ಲ, ಮೇಲಿನ ಹಳದಿ ಪುಡಿಯನ್ನು ಮಾತ್ರ ಒರೆಸಿದಳು. ಕ್ಯಾಮೆರಾ ಮಗುವಿನ ಮುಖಕ್ಕೂ ಪೆಟ್ಟಿಗೆಗೂ ಹಿಡಿದಿತ್ತು. ಮೊದಲನೆಯವನು ನೀಲಗಂಗಾಳ ಮಗ ಅಮೋಲ್, ನಾಲ್ಕೂವರೆ ವರ್ಷ. ಸೋದರತ್ತೆಯ ಎದುರು ಕೂರುವುದಕ್ಕೆ ಅವನಿಗೆ ಹೆದರಿಕೆಯೇನು? ಕಂಬಳಿಯ ಮೇಲೆ ಬಂದು ಕೂತ.

ಶುಭಾಂಗಿ ಕೆಂಪು ಇಟ್ಟಳು, ದೀಪ. ನೀಲಿ ಇಟ್ಟಳು, ಇಲ್ಲ. ಮತ್ತೆ ಕೆಂಪು. ಅಮೋಲ್ ಮೊದಲ ಸಲ ದೀಪ ನೋಡಿದ. ಎರಡನೆಯ ಸಲ ಅತ್ತೆಯ ಮುಖ ನೋಡಿದ. ಮೂರನೆಯ ಸಲ ತಲೆ ತಗ್ಗಿಸಿದ, ಮತ್ತೆ ಎತ್ತಲಿಲ್ಲ.

"ಯಾವ ಕಟಗಿ ದೀಪಾ ಹಚ್ಚಿತೊ ಅಮೂ?"

"ನಿನ್ನ ಕಾಲು," ಎಂದ ಅಮೋಲ್.

ದೊಡ್ಡ ದನಿಯಲ್ಲೇನೂ ಅಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೆ. ಕ್ಯಾಮೆರಾದ ಹಿಂದಿನಿಂದ ಕೇತಕಿ, ಏನಂದ ಎಂದು ಮರಾಠಿಯಲ್ಲಿ ಕೇಳಿದಳು. ಶುಭಾಂಗಿಯ ತಲೆಯೊಳಗೆ ಲೆಕ್ಕ ಓಡಿತು. ಮೊದಲನೆಯವನನ್ನೇ ಬಿಟ್ಟರೆ ಉಳಿಯುವುದು ಸರಿಯಾಗಿ ನಲವತ್ತು. ಆಮೇಲೆ ಒಂದು ಕೂಸಿಗೂ ಜ್ವರ ಬರಬಾರದು, ಒಂದು ಕೂಸೂ ಅಳಬಾರದು, ಒಬ್ಬ ತಾಯಿಯೂ ತವರಿಗೆ ಹೋಗಬಾರದು. ಆ ಒಂದು ಹೆಚ್ಚಿನ ಮಗುವನ್ನು ಮೊದಲ ದಿನವೇ ಕಳೆಯಲು ಅವಳಿಗೆ ಮನಸ್ಸಾಗಲಿಲ್ಲ.

ಗೊತ್ತಿಲ್ಲ ಅಂತಾನೆ ಎಂದು ಹೇಳಿದಳು. ಹಾಳೆಯಲ್ಲಿ ‘ಉತ್ತರವಿಲ್ಲ’ ಎಂಬ ಚೌಕಕ್ಕೆ ಗೀಟು ಹಾಕಿದಳು.

ಎರಡನೆಯದು ಪಕ್ಕದ ವಸ್ತಿಯ ಹುಡುಗಿ. ಶುಭಾಂಗಿ ಓಢಣಿಯನ್ನು ದಪ್ಪಗೆ ಮಡಿಸಿ ಕಾಲಿನ ಮೇಲೆ ಹಾಕಿಕೊಂಡಿದ್ದಳು. ಹುಡುಗಿ ಓಢಣಿಯ ಅಂಚನ್ನೇ ನೋಡುತ್ತ ಕೂತಿತು. ತುಂಡು ತೋರಿಸು ಎಂದಾಗ ಕೈಗೆ ಸಿಕ್ಕ ಹಳದಿಯನ್ನು ತೋರಿಸಿತು, ಮತ್ತೆ ಓಢಣಿಗೇ ಕಣ್ಣು. ಮೂರನೆಯದು ಮಾತಾಡಲಿಲ್ಲ, ನೀಲಿ ತುಂಡನ್ನು ಪೆಟ್ಟಿಗೆಯ ಮೇಲೆ ತಾನೇ ಇಟ್ಟು, ಇನ್ನು ಒತ್ತು ಎನ್ನುವಂತೆ ಶುಭಾಂಗಿಯ ಪಾದದ ಕಡೆ ನೋಡಿತು. ಸಂಜೆಯೊಳಗೆ ಐದು ಮಕ್ಕಳು ಮುಗಿದವು. ಐದರಲ್ಲಿ ನಾಲ್ಕು ಕೆಳಗೆ ನೋಡಿದವು. ಕೇತಕಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಮಕ್ಕಳಿಗೆ ಸಂಕೋಚ ಹೆಚ್ಚು, ಕಣ್ಣಿಗೆ ಕಣ್ಣು ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಶುಭಾಂಗಿ ಕುರಿದಡ್ಡಿಯ ಕಡೆ ಹೋದಳು. ಮಳೆಗಾಲವಾದ್ದರಿಂದ ಮಂದೆಗಳೆಲ್ಲ ವಸ್ತಿಯಲ್ಲೇ ಇದ್ದವು. ಅಜ್ಜ ಬೀರಣ್ಣ ಮುಳ್ಳಿನ ಬಾಗಿಲು ಸರಿಸಿ, ಕುರಿಗಳನ್ನು ಒಂದೊಂದಾಗಿ ಹೊರಗೆ ಬಿಡುತ್ತಿದ್ದ. ಬಾಗಿಲಿನ ಎರಡೂ ಕಡೆ ಎರಡೆರಡು ಚಿಕ್ಕ ಮಕ್ಕಳು ಕುಕ್ಕರಗಾಲಲ್ಲಿ ಕೂತಿದ್ದವು. ನಿಂತ ಮನುಷ್ಯನಿಗೆ ಕುರಿಯ ಬೆನ್ನು ಕಾಣುತ್ತದೆ. ಕೂತ ಕೂಸಿಗೆ ಕಾಲು ಕಾಣುತ್ತದೆ. ಮಳೆಗಾಲದಲ್ಲಿ ಗೊರಸು ಕೊಳೆಯುವ ರೋಗ ಒಂದಕ್ಕೆ ಬಂದರೆ ಮಂದೆಗೆಲ್ಲ ಬಂತು. ಅದಕ್ಕೇ, ನಡೆಯಲು ಬಂದ ದಿನದಿಂದಲೇ ಮಕ್ಕಳನ್ನು ಬಾಗಿಲಲ್ಲಿ ಕೂಡಿಸುವುದು ರೂಢಿ. ಅಮೋಲ್ ಅಲ್ಲೇ ಇದ್ದ. "ಕರಿಕಿವಿ, ಮುಂದಿನ ಎಡಗಾಲ," ಎಂದ. ಬೀರಣ್ಣ ಕೊಕ್ಕೆಯ ಕೋಲು ಹಾಕಿ ಆ ಕುರಿಯನ್ನು ಎಳೆದು ಬದಿಗೆ ಹಾಕಿದ. ಶುಭಾಂಗಿಯ ಕಣ್ಣಿಗೆ ಅದು ಕುಂಟಿದ್ದೇ ಕಂಡಿರಲಿಲ್ಲ.

ಅವಳೂ ಆ ಬಾಗಿಲಲ್ಲಿ ಕೂತವಳೇ, ಕಾಮಾಲೆಗೆ ಮುಂಚೆ. ಹದಿನೈದು ವರ್ಷ ಬೆಂಚಿನ ಮೇಲೆ ಕೂತು ಮರೆತಿದ್ದಳು.

ಮುತ್ಯಾನಿಗೆ ಪೆಟ್ಟಿಗೆಯ ಸಂಗತಿಯನ್ನೆಲ್ಲ ಹೇಳಿದಳು. ಬೀರಣ್ಣ ಗೊರಸಿನ ಸಂದಿಯ ಕೆಸರು ಕೆತ್ತುತ್ತ ಕೇಳಿದ, ನಕ್ಕ.

"ದೀಪಾ ಹಚ್ಚಾಕ ಕಟಗಿ ತುಂಡ ಸಾಕಾಗಿದ್ರ ನಮ್ಮ ವಸ್ತಿಗಿ ಕರೆಂಟಿನ ಕಂಬ ಯಾಕ ಬೇಕಾಗಿತ್ತವ್ವಾ? ಕೂಸುಗೋಳಿಗಿ ಅಷ್ಟೂ ತಿಳ್ಯಾಂಗಿಲ್ಲೇನ?" ಎಂದ. ಆಮೇಲೆ ಕುರಿಯ ಕಾಲು ಬಿಟ್ಟು, "ಮಾರಿ ನೋಡಿದ್ರ ಏನೂ ತಿಳ್ಯಾಂಗಿಲ್ಲ. ಸಾಯೂ ಕುರೀನೂ ಮೇಯ್ತಿರತೈತಿ. ಕಾಲ ಸುಳ್ಳ ಹೇಳಂಗಿಲ್ಲ. ನಿಮ್ಮ ಮೇಡಮ್ಮಗ ಹೇಳು ಇದನ್ನ," ಎಂದ.

ಹೇಳಬಹುದಿತ್ತು. ಆ ದಿನಕ್ಕೆ ಕೆಟ್ಟದ್ದು ನಾಲ್ಕು ಮಕ್ಕಳು ಮಾತ್ರ. ಆದರೆ ನಾಲ್ಕನ್ನು ಬಿಟ್ಟರೆ ಮೂವತ್ತೇಳು, ನಲವತ್ತಾಗುವುದಿಲ್ಲ. ಈ ಮೂರು ವಸ್ತಿಗಳ ಆಚೆಯ ಮಕ್ಕಳು ಬಾಲವಾಡಿಗೆ ಬಂದವರಲ್ಲ, ಅವರನ್ನು ಸೇರಿಸಲು ಬರುವುದಿಲ್ಲ. ಶುಭಾಂಗಿ ನೀಲಗಂಗಾಳ ಹತ್ತಿರ ಹೋಗಿ ಕೂತಳು. ನೀಲಗಂಗಾ ಖಿಚಡಿಗೆ ಬೇಳೆ ತೊಳೆಯುತ್ತಿದ್ದಳು. ಎಲ್ಲ ಕೇಳಿ, ತನ್ನ ಲೆಕ್ಕ ಹೇಳಿದಳು.

"ಹೇಳಿದ್ರ ನಲವತ್ತ ತುಂಬಂಗಿಲ್ಲ, ಅಲ್ಲಿಗಿ ಮುಗೀತು. ಹೇಳಲಿಲ್ಲಂದ್ರ ಹುಡುಗುರು ದಡ್ಡ ಅಂತ ಬರೀತಾರ. ಬರೀಲಿ ಬಿಡ. ದಡ್ಡರಿದ್ದಲ್ಲೇ ಅಲ್ಲೇನ ಬಾಲವಾಡಿ ಬೇಕಾಗೂದು? ಶಾಣ್ಯಾರಿದ್ರ ಯಾವ ಟ್ರಸ್ಟ್ ಬರ್ತಿತ್ತು?"

ಟ್ರಸ್ಟಿನ ಲೆಕ್ಕ ಹಾಗಿಲ್ಲವೆಂದು ಶುಭಾಂಗಿಗೆ ಗೊತ್ತಿತ್ತು. ಆದರೂ ಅತ್ತಿಗೆಯ ಮಾತು ಕೇಳಲು ಹಿತವಾಗಿತ್ತು. ನೆಲಕ್ಕೆ ಹತ್ತಿರವಾದ ಮಾತು, ನಿಜವಾಗಿದ್ದರೂ ಇರಬಹುದು ಅನ್ನಿಸುವಂಥದ್ದು. ಅದಲ್ಲದೆ, ಮುಂದಿನ ಮಕ್ಕಳಿಗೆ ಕಾಲು ಕಾಣದ ಹಾಗೆ ತಾನು ಕೂರಬಲ್ಲೆ ಎಂಬ ಧೈರ್ಯವೂ ಇತ್ತು. ಕಾಲನ್ನೇ ಕಂಬಳಿಯ ಕೆಳಗೆ ಸೇರಿಸಿದಳು. ಮಕ್ಕಳು ಕಂಬಳಿಯ ಉಬ್ಬು ನೋಡಿದವು. ಬೆರಳಿನ ಬದಲು ಹಿಮ್ಮಡಿಯಿಂದ ಒತ್ತಿದಳು, ಮೊಣಕಾಲು ನೋಡಿದವು. ಪೂರ್ತಿ ಹನ್ನೊಂದು ದಿನ ಹೀಗೇ ನಡೆಯಿತು. ಒಂದು ಕೂಸಿಗೂ ಜ್ವರ ಬರಲಿಲ್ಲ. ಒಬ್ಬ ತಾಯಿಯೂ ತವರಿಗೆ ಹೋಗಲಿಲ್ಲ. ನಲವತ್ತೊಂದಕ್ಕೆ ನಲವತ್ತೊಂದು ಹಾಳೆ ತುಂಬಿದವು. ಆ ಒಂದು ಹೆಚ್ಚಿನ ಮಗು ಕೊನೆಗೂ ಬೇಕಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಲೆಕ್ಕ ಬಂತು. ನಗರದ ನಲವತ್ತರಲ್ಲಿ ಮೂವತ್ಮೂರು ಮಕ್ಕಳು ಸರಿಯಾದ ತುಂಡನ್ನು ತೋರಿಸಿದ್ದವು. ವಸ್ತಿಯಲ್ಲಿ ಎಂಟು. ಕೇತಕಿ ಎರಡು ಗೆರೆ ಎಳೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದಳು. ಒಂದು ಗೆರೆ ಶೆಡ್ಡಿನ ತಗಡಿನಷ್ಟು ಮೇಲೆ, ಇನ್ನೊಂದು ಅದರ ಹೊಸ್ತಿಲಷ್ಟು ಕೆಳಗೆ. ಆಕೆಗೂ ಖುಷಿಯೇನೂ ಇರಲಿಲ್ಲ. ಇಷ್ಟು ಅಂತರ ಯಾವ ದೇಶದ ಅಧ್ಯಯನದಲ್ಲೂ ತಾನು ಓದಿಲ್ಲ, ಎಲ್ಲೋ ಏನೋ ತಪ್ಪಿದೆ ಎಂದಳು. ಶುಭಾಂಗಿಯನ್ನು ಕೇಳಿದಳು: ಅವರು ನಿನ್ನ ಪ್ರಶ್ನೆ ತಿಳಿದುಕೊಂಡರೇ? ಶುಭಾಂಗಿ ಹೌದೆಂದಳು. ಅದು ಮಾತ್ರ ನಿಜ.

ತಪ್ಪು ಹುಡುಕಲು ಕೇತಕಿ ವಿಡಿಯೋಗಳನ್ನು ಮತ್ತೆ ನೋಡಬೇಕೆಂದಳು. ಸಂಸ್ಥೆಯಲ್ಲಿ ಆ ವಾರ ಬಣ್ಣ ಬಳಿಯುತ್ತಿದ್ದರು, ಹಾಗಾಗಿ ಇಬ್ಬರೂ ಕೇತಕಿಯ ಮನೆಯಲ್ಲಿ ಕೂತರು. ಹೊಟಗಿ ರಸ್ತೆಯ ಹಳೆಯ ಮನೆ, ನಡುಮನೆಯಲ್ಲಿ ತೂಗುಮಂಚ, ಅದರ ಮೇಲೆ ಕೇತಕಿಯ ಅಜ್ಜಿ ಅಂಬಾಬಾಯಿ. ಎಂಬತ್ತಾರು ವರ್ಷ. ಕಣ್ಣು ಹೋಗಿತ್ತು, ಕಿವಿ ಚುರುಕಾಗಿತ್ತು. ಮನೆಯಲ್ಲಿ ಕನ್ನಡ ಆಡುವವರು ಇಲ್ಲದೆ ಹತ್ತು ವರ್ಷದಿಂದ ದೇವರೊಡನೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದಳು. ಶುಭಾಂಗಿಯನ್ನು ಹತ್ತಿರ ಕೂಡಿಸಿಕೊಂಡು, ನೀ ಯಾರ ಪೈಕಿ, ಕುರಿ ಎಷ್ಟು, ಉಣ್ಣೆ ಯಾರಿಗೆ ಮಾರತೀರಿ ಎಂದೆಲ್ಲ ಕೇಳಿ ದಣಿಸಿದಳು.

ಕೇತಕಿ ಮೊದಲನೆಯ ವಿಡಿಯೋ ಹಚ್ಚಿದಳು. ಅಮೋಲನ ಮುಖ. ಪೀಪೀ ಸದ್ದು. ಯಾವ ಕಟಗಿ ಎಂಬ ಶುಭಾಂಗಿಯ ದನಿ. ಉತ್ತರ.

ಶುಭಾಂಗಿಗೆ ಎದ್ದು ಆಫ್ ಮಾಡಬೇಕೆನಿಸಿತು. ಕೂತೇ ಇದ್ದಳು.

ಕೇತಕಿ ಎರಡನೆಯದು, ಮೂರನೆಯದು, ಏಳನೆಯದು ಹಚ್ಚಿದಳು. ಏಳನೆಯದರಲ್ಲಿ ಹುಡುಗ ಸ್ವಲ್ಪ ಜೋರಾಗಿಯೇ ಹೇಳಿದ್ದ. ತೂಗುಮಂಚ ನಿಂತಿತು.

"ಕೂಸು ಕಾಲು ಅಂತದಲ್ಲ ಆಗಿಂದ," ಎಂದಳು ಅಂಬಾಬಾಯಿ. "ನೀ ಕಟಗಿ ಕಟಗಿ ಅಂತ ಯಾಕ ಕೇಳ್ತಿ ಅದಕ್ಕ? ಕಾಲಿಲೆ ಏನ ಮಾಡಾಕತ್ತಿದ್ದಿ ನೀ?"

ಕೇತಕಿಗೆ ಮಾತು ತಿಳಿಯಲಿಲ್ಲ. ಆದರೆ ಅಜ್ಜಿಯ ಮೋರೆಯಿಂದ ಶುಭಾಂಗಿಯ ಮೋರೆಗೆ ನೋಡಿದಳು. ಅಂಬಾಬಾಯಿ ಮರಾಠಿಯಲ್ಲಿ ಹೇಳಿದಳು: ಮಗು ಕಾಲು ಅನ್ನುತ್ತಿದೆ. ಮೊದಲಿನ ಕೂಸೂ ಅದನ್ನೇ ಅಂದಿತು.

ಶುಭಾಂಗಿ ಎಲ್ಲ ಹೇಳಿದಳು. ಅಳಲಿಲ್ಲ, ಕೈಮುಗಿಯಲಿಲ್ಲ; ಯಾವ ದಿನ, ಯಾವ ಮಗು, ಏನಂದಿತು, ತಾನು ಏನು ಗೀಟು ಹಾಕಿದೆ ಎಂದು ಅನುಕ್ರಮವಾಗಿ ಹೇಳಿದಳು. ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕುರಿದಡ್ಡಿಯ ಬಾಗಿಲನ್ನೂ ಹೇಳಿದಳು.  ಕೇತಕಿ ನಲವತ್ತೊಂದನ್ನೂ ಮೊದಲಿನಿಂದ ಹಚ್ಚಿದಳು. ಎರಡು ದಿನ ಬೇಕಾಯಿತು. ಕಣ್ಣಿಲ್ಲದ ಅಂಬಾಬಾಯಿ ಕೇಳುತ್ತ ಹೋದಳು, ಕನ್ನಡವಿಲ್ಲದ ಕೇತಕಿ ನೋಡುತ್ತ ಹೋದಳು. ಬಾಯಿಬಿಟ್ಟು ಕಾಲು ಎಂದವು ಹದಿನೇಳು. ಅನ್ನದೆ ಕಾಲಿನ ಕಡೆ ನೋಡಿದವು ಇನ್ನು ಹದಿನಾಲ್ಕು. ನಗರದಲ್ಲಿ ಮೇಜಿನ ಬಟ್ಟೆಯ ಕಡೆ ಒಂದು ಮಗುವೂ ನೋಡಿರಲಿಲ್ಲ.

ಅಮೋಲ್ ಅಂದ ಕೂಡಲೇ ಹೇಳಿದ್ದರೆ ಅಮೋಲನೊಬ್ಬನನ್ನು ಬಿಟ್ಟು, ಅಕ್ಕಲಕೋಟದಿಂದ ಒಂದು ಮೇಜು ತರಿಸಿ, ಮರುದಿನದಿಂದ ಸರಿಯಾಗಿ ನಡೆಸುತ್ತಿದ್ದೆ ಎಂದು ಕೇತಕಿ ಹೇಳಿದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಶುಭಾಂಗಿಗೆ ಅಷ್ಟು ತಾಗುತ್ತಿರಲಿಲ್ಲ.

ಆದರೂ ಒಂದೆರಡು ದಿನ ಇಬ್ಬರಲ್ಲೂ ಆಸೆ ಇತ್ತು. ನಿಜವಾದ ಕಾರಣವನ್ನು ವಸ್ತಿಯ ಮಕ್ಕಳು ಕಂಡುಹಿಡಿದಿದ್ದಾರೆ, ನಗರದ ಮಕ್ಕಳು ಮೋಸ ಹೋಗಿದ್ದಾರೆ. ಇದನ್ನೇ ಬರೆಯೋಣ, ಟ್ರಸ್ಟಿಗೆ ಇದನ್ನೇ ಕಳಿಸೋಣ ಎಂದು ಕೇತಕಿ ಹುರುಪಿನಿಂದ ಬರೆಯಲು ಕೂತಳು. ಇಬ್ಬರೂ ಅದನ್ನು ಹಿಡಿದುಕೊಂಡು ಸಂಸ್ಥೆಯ ಮುಖ್ಯಸ್ಥ ಮಲ್ಲಿಕಾರ್ಜುನ ಸರ್ ಅವರ ಮುಂದೆ ನಿಂತರು. ಅವರು ಅಕ್ಕಲಕೋಟದವರೇ, ಕನ್ನಡ ಬಲ್ಲವರು. ಹಾಳೆಗಳನ್ನು ತಿರುವಿದರು, ನಾಲ್ಕು ವಿಡಿಯೋ ನೋಡಿದರು. ಕೇತಕಿಯ ಜೊತೆ ಮರಾಠಿಯಲ್ಲಿ ಮುಗಿಸಿ, ಶುಭಾಂಗಿಯ ಕಡೆ ತಿರುಗಿದರು.

"ಹಾಳಿ ಮ್ಯಾಲ ಗೊತ್ತಿಲ್ಲ ಅಂತ ಬರದಾಕಿ ನೀನ. ಈಗ ಕಾಲು ಅಂದ್ರು ಅಂತ ಹೇಳಾಕೀನೂ ನೀನ. ಯಾವುದನ್ನ ನಂಬೂದವ್ವಾ?"

"ನಾ ಬರದದ್ದ ಸುಳ್ಳರಿ ಸರ್. ಹುಡುಗುರು ಅಂದದ್ದು ಖರೇ ಐತಿ. ವಿಡಿಯೋದಾಗ ಕೇಳ್ತೈತಲ್ಲರಿ."

"ಕೇಳ್ತೈತಿ. ಕಾಲು ಕಾಣಂಗಿಲ್ಲ. ಕ್ಯಾಮೆರಾ ಹುಡುಗುರ ಮಾರಿ ಮ್ಯಾಲಿತ್ತು. ಅವರು ಏನ ಕಂಡ್ರು, ನೀ ಎಷ್ಟು ಕಾಲು ಅಲಗಾಡಿಸಿದಿ, ಯಾರಿಗಿ ಗೊತ್ತು? ನಗರದಾಗ ಮೇಜು, ವಸ್ತಿಯಾಗ ಕಂಬಳಿ. ಎರಡೂ ಹೆಂಗ ತೂಗೂದು?" ಅವರು ಹಾಳೆಗಳನ್ನು ಜೋಡಿಸಿ ದಾರ ಕಟ್ಟಿದರು. "ಹುಡುಗುರು ಶಾಣ್ಯಾ ಅದಾವ. ನಾ ಇಲ್ಲನ್ನಂಗಿಲ್ಲ. ಖರೇ ಅನ್ನೂದು ಬ್ಯಾರೆ, ತೋರಿಸೂದು ಬ್ಯಾರೆ."

ಮತ್ತೊಮ್ಮೆ ಪರೀಕ್ಷೆ ಮಾಡೋಣ, ಈ ಸಲ ಮೇಜು ಇಟ್ಟು, ಎಂದಳು ಕೇತಕಿ. ಅದಕ್ಕೂ ಅವರು ಒಪ್ಪಲಿಲ್ಲ. ಒಮ್ಮೆ ಕಂಡ ಮಕ್ಕಳಿಗೆ ಕಾಣದ ಹಾಗೆ ಮಾಡಲು ಯಾವ ಮೇಜಿನಿಂದಲೂ ಆಗುವುದಿಲ್ಲ. ಕಾಣದ ಮಕ್ಕಳು ವಸ್ತಿಯಲ್ಲಿ ಇನ್ನು ಯಾರೂ ಉಳಿದಿಲ್ಲ. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಶುಭಾಂಗಿ ಬಸ್ಸಿನಲ್ಲಿ ಅಕ್ಕಲಕೋಟ ಮುಟ್ಟುವವರೆಗೆ ಅದರಲ್ಲಿ ಒಂದು ತಪ್ಪು ಹುಡುಕಿದಳು, ಸಿಗಲಿಲ್ಲ.

ಸಂಸ್ಥೆ ಟ್ರಸ್ಟಿಗೆ ಎರಡು ಸಾಲು ಬರೆಯಿತು: ದಾಖಲೆಯಲ್ಲಿ ದೋಷವಿರುವುದರಿಂದ ವಸ್ತಿಯ ಫಲಿತಾಂಶವನ್ನು ಹಿಂದಕ್ಕೆ ಪಡೆಯಲಾಗಿದೆ. ಟ್ರಸ್ಟು ಒಂದು ಸಾಲು ಬರೆಯಿತು: ಫಲಿತಾಂಶವಿಲ್ಲದ ಕೇಂದ್ರವನ್ನು ಮುಂದುವರಿಸಲಾಗದು. ಶುಭಾಂಗಿಯ ಕೆಲಸ ಹೋಯಿತು, ಅದು ಹೋಗಬೇಕಾದದ್ದೇ. ಕೇತಕಿ ತಾನಾಗಿ ಪುಣೆಗೆ ಹೋಗಿ ಬಂದಳು. ಫೋನ್ ಮಾಡಿ, ನನ್ನಿಂದ ಆಗಲಿಲ್ಲ ಎಂದಳು. ಮೊದಲ ಬಾರಿಗೆ ಕನ್ನಡದಲ್ಲಿ ಹೇಳಿದಳು. ಅಜ್ಜಿಯನ್ನು ಕೇಳಿ ಕಲಿತಿರಬೇಕು.

ದಸರೆಯ ಮರುದಿನ ಟೆಂಪೋ ಬಂತು. ತಗಡು ಬಿಚ್ಚಿ ಹೇರಿದರು. ಖಿಚಡಿಯ ಪಾತ್ರೆ, ಚಾಪೆಗಳು, ಗೋಡೆಗೆ ಹಾಕಿದ ಪ್ರಾಣಿಗಳ ಚಿತ್ರ, ಎಲ್ಲ. ಟೆಂಪೋದವನು ನೀಲಗಂಗಾಳ ಕೈಯಿಂದ ಸಹಿ ತೆಗೆದುಕೊಂಡ. ನಾಲ್ಕು ಕಂಬದ ಕುಣಿಗಳು ಉಳಿದವು.  ಒಮ್ಮೆ ನೀಲಗಂಗಾ ರೊಟ್ಟಿ ಬಡಿಯುತ್ತ, ನನ್ನ ಲೆಕ್ಕವೂ ತಪ್ಪಿತ್ತಲ್ಲ, ನಿನ್ನೊಬ್ಬಳದ್ದೇ ಅಲ್ಲ ಎಂದಳು. ಅದು ಸಮಾಧಾನವೋ ಚುಚ್ಚುಮಾತೋ ಎಂದು ಶುಭಾಂಗಿ ಕೇಳಲಿಲ್ಲ.

ದೀಪಾವಳಿಯ ಪಾಡ್ಯ ಮುಗಿದ ಎರಡನೆಯ ಬೆಳಿಗ್ಗೆ ಮಂದೆಗಳು ಹೊರಟವು. ಈ ಸಲ ಹೆಂಗಸರೂ ಹೊರಟರು. ಮಕ್ಕಳನ್ನು ಹಗಲೆಲ್ಲ ನೋಡುವವರಿಲ್ಲದ ವಸ್ತಿಯಲ್ಲಿ ಉಳಿದು ಏನು ಮಾಡುವುದು? ತಟ್ಟುಕುದುರೆಗಳ ಮೇಲೆ ಬುತ್ತಿ, ಬಿಂದಿಗೆ, ಕೋಳಿಗಳನ್ನು ಕಟ್ಟಿದರು. ಮೊದಲನೆಯ ಇಯತ್ತೆಗೆ ಕೂತಿದ್ದ ಏಳರಲ್ಲಿ ಆರು ಮಕ್ಕಳೂ ಆ ಗುಂಪಿನಲ್ಲಿದ್ದವು. ಅವರ ತಮ್ಮ ತಂಗಿಯರು ಹೊರಟ ಮೇಲೆ ಅವರನ್ನು ಯಾರ ಮನೆಯಲ್ಲಿ ಬಿಡುವುದು?

ಬೀರಣ್ಣ ದಡ್ಡಿಯ ಬಾಗಿಲು ಸರಿಸಿದ. ಅಮೋಲ್ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಇನ್ನೂರಕ್ಕೂ ಹೆಚ್ಚು ಕುರಿಗಳು ಅವನ ಕಣ್ಣೆದುರು ಹಾದುಹೋದವು. "ಬಿಳಿಮಚ್ಚಿ, ಹಿಂದಿನ ಬಲಗಾಲ," ಎಂದ. ಬೀರಣ್ಣ ಎಳೆದು ನೋಡಿದ, ಗೊರಸಿನಲ್ಲಿ ಜಾಲಿಮುಳ್ಳು. ಅದನ್ನು ಕಿತ್ತು ಒಗೆದು, ಮರಿಮಗನ ತಲೆ ಸವರಿದ. ನೀಲಗಂಗಾ ಅಮೋಲನನ್ನು ಎತ್ತಿ ತಟ್ಟಿನ ಮೇಲೆ ಕಂಬಳಿಯ ನಡುವೆ ಕೂಡಿಸಿದಳು. ಪೆಟ್ಟಿಗೆಯ ಮುಂದೆ ಹಾಸಿದ್ದ ಕಂಬಳಿಯೇ ಅದು. ಅವನು ಅತ್ತೆಯ ಕಡೆ ನೋಡಿದ. ಮುಖ ನೋಡಿದನೋ ಕಾಲು ನೋಡಿದನೋ, ಅಷ್ಟು ದೂರದಿಂದ ತಿಳಿಯಲಿಲ್ಲ.

ಶುಭಾಂಗಿ ಹಳ್ಳದ ದಂಡೆಯವರೆಗೆ ಹೋಗಿ ನಿಂತಳು. ಮೂರೂ ವಸ್ತಿಗಳ ಮಂದೆಗಳು ದಾಟುವವರೆಗೆ ಎಣಿಸಿದಳು. ಮನೆಮನೆ ತಿರುಗಿ ಎಣಿಸಿದ್ದ ಮಕ್ಕಳೇ, ಮುಖ ಹೆಸರು ಎಲ್ಲ ಗೊತ್ತಿದ್ದವು, ತಪ್ಪಲು ಸಾಧ್ಯವಿರಲಿಲ್ಲ. ಬಾಲವಾಡಿಯವರಲ್ಲಿ ಹಿಂದೆ ಉಳಿದದ್ದು ಐದು: ಎರಡಕ್ಕೆ ದಡಾರವಾಗಿತ್ತು, ಮೂರು ಅಜ್ಜಿಯರ ಹಟಕ್ಕೆ ಉಳಿದಿದ್ದವು. ಬಾಲವಾಡಿಯ ನಲವತ್ತೊಂದರಲ್ಲಿ ಮೂವತ್ತಾರು, ಶಾಲೆಯ ಏಳರಲ್ಲಿ ಆರು. ಒಟ್ಟು ನಲವತ್ತೆರಡು ಮಕ್ಕಳು ಹೋದವು.